ಪಿನ್ ತೋರಿಸುವ ತೂಕ, ಮೈಗೆ ಬೀಳುವ ತೂಕ

ಒಂದೇ ಜಿಮ್‌ನಲ್ಲಿ ಎರಡು ಮಷೀನ್. ಎಷ್ಟು ಪ್ಲೇಟ್ ಏಳಬೇಕೆಂದು ಆರಿಸುವ ಪಿನ್ ಇರುತ್ತದಲ್ಲ, ಅದನ್ನು ಎರಡರಲ್ಲೂ 40 ಕೆಜಿಗೆ ಹಾಕಿದ್ದೀರಿ. ಒಂದರಲ್ಲಿ ಕೇಬಲ್ ಸಲೀಸಾಗಿ ಬರುತ್ತದೆ, ಇನ್ನೊಂದರಲ್ಲಿ ಎಂಟನೇ ಸಲಕ್ಕೇ ತೋಳು ನಡುಗುತ್ತದೆ. ಯಾವ ಮಷೀನೂ ಕೆಟ್ಟಿಲ್ಲ, ನಿಮ್ಮ ಶಕ್ತಿಯೂ ಐದು ನಿಮಿಷದಲ್ಲಿ ಕಡಿಮೆಯಾಗಿಲ್ಲ. ಪ್ಲೇಟಿನ ಮೇಲೆ ಬರೆದಿರುವುದು ಪ್ಲೇಟಿನ ತೂಕ, ಅಷ್ಟೇ. ಅಲ್ಲಿಂದ ನಿಮ್ಮ ಕೈಗೆ ಬರುವಷ್ಟರಲ್ಲಿ ಆ ತೂಕ ರಾಟೆ, ಕೇಬಲ್, ಸನ್ನೆಕೋಲು, ಬೇರಿಂಗ್ ಎಲ್ಲವನ್ನೂ ದಾಟಿ ಬರಬೇಕು, ಮತ್ತು ದಾರಿಯಲ್ಲಿ ಪ್ರತಿಯೊಂದೂ ಅದನ್ನು ಸ್ವಲ್ಪ ಬದಲಾಯಿಸುತ್ತದೆ. ಮಷೀನ್ ಡಿಸೈನ್ ಮಾಡುವವರ ಕೆಲಸವೆಲ್ಲ ಆ ದಾರಿಯಲ್ಲೇ ಇದೆ.

ಮೊದಲು ರಾಟೆ, ಜಿಮ್‌ನವರ ಮಾತಿನಲ್ಲಿ ಪುಲ್ಲಿ. ಬಾವಿಯ ಮೇಲೆ ಕಟ್ಟಿದ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ, ಎಳೆಯುವ ದಿಕ್ಕನ್ನು ಮಾತ್ರ ತಿರುಗಿಸುತ್ತದೆ. ಕೂತು ತಲೆಯ ಮೇಲಿನ ಬಾರನ್ನು ಎದೆಯ ಕಡೆಗೆ ಎಳೆಯುವ ಲ್ಯಾಟ್ ಪುಲ್‌ಡೌನ್ ಮಷೀನ್‌ಗಳು ಬಹುತೇಕ ಹೀಗೇ. ಮೇಲಿನ ರಾಟೆಗಳು ಗಟ್ಟಿಯಾಗಿ ಫ್ರೇಮಿಗೆ ಕೂತಿರುತ್ತವೆ, ಕೇಬಲ್‌ನ ತುದಿ ನೇರವಾಗಿ ಪ್ಲೇಟ್‌ಗಳಿಗೆ ಕಟ್ಟಿರುತ್ತದೆ. 40 ಅಂದರೆ 40. ಆದರೆ ಎರಡು ಕಂಬಗಳಿದ್ದು ಹಿಡಿಯನ್ನು ಮೇಲೆ ಕೆಳಗೆ ಸರಿಸಬಹುದಾದ ಕೇಬಲ್ ಮಷೀನ್ ಇರುತ್ತದಲ್ಲ, ಅದರಲ್ಲಿ ಸಾಮಾನ್ಯವಾಗಿ ಪ್ಲೇಟ್‌ಗಳ ತಲೆಯ ಮೇಲೇ ಒಂದು ರಾಟೆ ಇರುತ್ತದೆ. ಕೇಬಲ್ ಅದರ ಕೆಳಗಿನಿಂದ ಸುತ್ತಿ ಮತ್ತೆ ಮೇಲೆ ಹೋಗುತ್ತದೆ. ಈಗ ಪ್ಲೇಟ್‌ಗಳನ್ನು ಹಿಡಿದಿರುವುದು ಕೇಬಲ್‌ನ ಎರಡು ಎಳೆ. ಒಂದೊಂದಕ್ಕೆ ಅರ್ಧ ಭಾರ. ನಿಮ್ಮ ಕೈಗೆ 40ರ ಬದಲು 20 ಬರುತ್ತದೆ, ಬದಲಿಗೆ ನೀವು ಎರಡು ಅಡಿ ಎಳೆದರೆ ಪ್ಲೇಟ್‌ಗಳು ಒಂದೇ ಅಡಿ ಏರುತ್ತವೆ.

ಇದು ಮೋಸ ಅನ್ನುವವರಿದ್ದಾರೆ. ಅಲ್ಲ. ಇದರಿಂದ ಎರಡು ಲಾಭ ಇದೆ. ಒಂದು, ಕೇಬಲ್ ಹಿಡಿದು ಮಷೀನ್‌ನಿಂದ ನಾಲ್ಕು ಹೆಜ್ಜೆ ದೂರ ಹೋದರೂ ಪ್ಲೇಟ್‌ಗಳು ಮೇಲಿನ ತುದಿಗೆ ಹೋಗಿ ಬಡಿಯುವುದಿಲ್ಲ. ಎರಡನೆಯದು ನನಗೆ ಹೆಚ್ಚು ಇಷ್ಟವಾದದ್ದು, ಯಾಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. 20 ಕೆಜಿ ಡಂಬೆಲ್ಲನ್ನು ಬೀಸಿ ಎತ್ತಿದರೆ ಎರಡು ಕೆಲಸ ಆಗುತ್ತದೆ: ಅದರ ತೂಕವನ್ನು ಹೊರುವುದು ಒಂದು, ಅದಕ್ಕೆ ವೇಗ ಕೊಡುವುದು ಇನ್ನೊಂದು. ಒಮ್ಮೆ ವೇಗ ಸಿಕ್ಕರೆ ಉಳಿದ ದಾರಿ ಅದು ತಾನಾಗಿಯೇ ಹೋಗುತ್ತದೆ, ಸ್ನಾಯುವಿಗೆ ಆ ಹೊತ್ತು ರಜೆ. ಎರಡು ಎಳೆಯ ಮಷೀನ್‌ನಲ್ಲಿ ಪ್ಲೇಟ್‌ಗಳು ನಿಮ್ಮ ಕೈಯ ಅರ್ಧ ವೇಗದಲ್ಲಿ ಚಲಿಸುತ್ತವೆ. ಲೆಕ್ಕ ಹಾಕಿದರೆ, ಕೈಗೆ 20 ಕೆಜಿ ತೂಕ ಅನ್ನಿಸಿದರೂ ವೇಗ ಕೊಡುವಾಗ ಎದುರಾಗುವುದು ಬರೀ 10 ಕೆಜಿಯ ಜಡತ್ವ. ಹಾಗಾಗಿ ಬೇಗ ಬೇಗ ಎಳೆದರೂ ಪ್ಲೇಟ್‌ಗಳು ಹಾರುವುದಿಲ್ಲ, ಕೇಬಲ್ ಸಡಿಲ ಬೀಳುವುದಿಲ್ಲ. ಮನೆಯ ಮಲ್ಟಿಜಿಮ್‌ಗಳಲ್ಲಿ ಒಂದೇ ಪ್ಲೇಟ್ ಗುಂಪಿನಿಂದ ಎದೆಗೆ, ಬೆನ್ನಿಗೆ, ಕಾಲಿಗೆ ಎಲ್ಲದಕ್ಕೂ ಕೇಬಲ್ ಹೋಗುತ್ತದೆ, ಪ್ರತಿ ದಾರಿಯ ಅನುಪಾತ ಬೇರೆ. ಅದಕ್ಕೇ ಅಂಥ ಮಷೀನ್‌ನ ಜೊತೆ ಬರುವ ಪುಸ್ತಕದಲ್ಲಿ ಒಂದು ಕೋಷ್ಟಕ ಇರುತ್ತದೆ, ಎಷ್ಟನೇ ಪ್ಲೇಟಿಗೆ ಯಾವ ಕಡೆ ಎಷ್ಟು ಭಾರ ಅಂತ. ಯಾರೂ ಓದುವುದಿಲ್ಲ.

ಈಗ ಘರ್ಷಣೆ. ಒಳ್ಳೆ ಮಷೀನ್‌ಗೂ ಅಗ್ಗದ ಮಷೀನ್‌ಗೂ ಇರುವ ವ್ಯತ್ಯಾಸ ಮುಖ್ಯವಾಗಿ ಇಲ್ಲಿದೆ, ಬಣ್ಣದಲ್ಲೂ ಕುಶನ್‌ನಲ್ಲೂ ಅಲ್ಲ. ಕೇಬಲ್ ಐದು ರಾಟೆ ದಾಟಿ ಬರುತ್ತದೆ, ಪ್ರತಿ ರಾಟೆಯಲ್ಲಿ 3 ಶೇಕಡಾ ನಷ್ಟ ಅಂತಿಟ್ಟುಕೊಳ್ಳಿ. 50 ಕೆಜಿ ಎತ್ತಲು ನೀವು ಸುಮಾರು 58 ಕೆಜಿಯಷ್ಟು ಎಳೆಯಬೇಕಾಗುತ್ತದೆ. ಅಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ, ಒಂದು ಪ್ಲೇಟ್ ಕಡಿಮೆ ಹಾಕಿದರೆ ಮುಗಿಯಿತು. ಆದರೆ ಇಳಿಸುವಾಗ ಅದೇ ಘರ್ಷಣೆ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ, ಆಗ ನೀವು ಹಿಡಿದಿರುವುದು ಸುಮಾರು 43 ಕೆಜಿ ಮಾತ್ರ. ನಮ್ಮ ಸ್ನಾಯುಗಳ ಸ್ವಭಾವ ಇದಕ್ಕೆ ಪೂರ್ತಿ ಉಲ್ಟಾ. ಎತ್ತುವುದಕ್ಕಿಂತ ನಿಧಾನವಾಗಿ ಇಳಿಸುವಾಗ ಅವು ಜಾಸ್ತಿ ಭಾರ ತಡೆಯಬಲ್ಲವು. ಅಂದರೆ ಕೆಟ್ಟ ರಾಟೆ ಎತ್ತುವ ಕಷ್ಟವನ್ನು ಹೆಚ್ಚಿಸಿ, ಇಳಿಸುವಾಗ ಸಿಗಬೇಕಾದ ವ್ಯಾಯಾಮವನ್ನು ಕದಿಯುತ್ತದೆ. ಪರೀಕ್ಷೆ ಸುಲಭ: ತೀರಾ ಕಡಿಮೆ ತೂಕಕ್ಕೆ ಪಿನ್ ಹಾಕಿ, ಎಳೆದು, ನಿಧಾನವಾಗಿ ಬಿಡಿ. ಪ್ಲೇಟ್ ಅಲ್ಲಲ್ಲಿ ತಡೆದು ತಡೆದು ಇಳಿದರೆ ರಾಟೆಯ ಬೇರಿಂಗ್ ಅಥವಾ ಪ್ಲೇಟ್ ಜಾರುವ ಕಂಬಿ, ಎರಡರಲ್ಲಿ ಒಂದಕ್ಕೆ ಆರೈಕೆ ಬೇಕು. ಮಂಗಳೂರು, ಕಾರವಾರದ ಕಡೆಯ ಉಪ್ಪು ಗಾಳಿಗೆ ಆ ಕಂಬಿಗಳು ಬೇಗ ತುಕ್ಕು ಹಿಡಿಯುತ್ತವೆ, ಬೆವರೂ ಸೇರಿದರೆ ಕೇಳಲೇಬೇಡಿ.

ರಾಟೆಯ ಗಾತ್ರವನ್ನೂ ನೋಡಿ. ಕೇಬಲ್ ಅಂದರೆ ತೆಳು ಉಕ್ಕಿನ ತಂತಿಗಳನ್ನು ಹೊಸೆದು ಮೇಲೆ ನೈಲಾನ್ ಹೊದಿಸಿದ್ದು. ರಾಟೆ ಸಣ್ಣದಾದಷ್ಟೂ ಕೇಬಲ್ ಹೆಚ್ಚು ಬಾಗಬೇಕು. ಪ್ರತಿ ಸಲ ಬಾಗಿ ನೆಟ್ಟಗಾದಾಗ ಒಳಗಿನ ತಂತಿ ದಣಿಯುತ್ತದೆ, ಒಂದೊಂದಾಗಿ ತುಂಡಾಗುತ್ತದೆ, ಹೊರಗಿನ ನೈಲಾನ್ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ನೈಲಾನ್ ಎಲ್ಲಾದರೂ ಉಬ್ಬಿದ್ದರೆ, ಸೀಳಿದ್ದರೆ, ಕೇಬಲ್‌ನ ತುದಿಯ ಹತ್ತಿರ ತಂತಿ ಇಣುಕುತ್ತಿದ್ದರೆ ಆ ಮಷೀನ್ ಮುಟ್ಟಬೇಡಿ. ಲ್ಯಾಟ್ ಪುಲ್‌ಡೌನ್‌ನ ಕೇಬಲ್ ತುಂಡಾದರೆ ಆ ಉಕ್ಕಿನ ಬಾರ್ ಬೀಳುವುದು ಎಳೆಯುತ್ತಿದ್ದವರ ತಲೆಗೇ.

ಇಷ್ಟು ಹೊತ್ತು ಭಾರ ಎಷ್ಟು ಅನ್ನುವ ಮಾತಾಯಿತು. ಇದಕ್ಕಿಂತ ದೊಡ್ಡ ಪ್ರಶ್ನೆ, ಭಾರ ಯಾವಾಗ ಅನ್ನುವುದು. ಗರಡಿಮನೆಯ ಗದೆ ನೋಡಿದವರಿಗೆ ಇದು ಗೊತ್ತಿರುತ್ತದೆ. ಕಲ್ಲಿನ ಗುಂಡಿನ ತೂಕ ಬದಲಾಗುವುದಿಲ್ಲ, ಆದರೆ ಕೋಲನ್ನು ಗುಂಡಿನ ಹತ್ತಿರ ಹಿಡಿದರೆ ಹಗುರ, ತುದಿಯಲ್ಲಿ ಹಿಡಿದರೆ ಭಾರ. ಕೀಲಿಗೂ ತೂಕಕ್ಕೂ ಇರುವ ಅಡ್ಡ ದೂರ ಹೆಚ್ಚಾದಷ್ಟೂ ತಿರುಗಿಸುವ ಬಲ, ಅಂದರೆ ಟಾರ್ಕ್, ಜಾಸ್ತಿ ಬೇಕು. ಸ್ವೀಡನ್‌ನ ಡಾಕ್ಟರ್ ಗುಸ್ತಾವ್ ಸ್ಯಾಂಡರ್ 1865ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವ್ಯಾಯಾಮ ಯಂತ್ರಗಳ ಒಂದು ಸಂಸ್ಥೆಯನ್ನೇ ತೆರೆದರು. ಅವರ ಯಂತ್ರಗಳಲ್ಲೂ ಸನ್ನೆಕೋಲಿನ ಮೇಲೆ ತೂಕವನ್ನು ಆಚೀಚೆ ಸರಿಸಿ ಕಷ್ಟವನ್ನು ಹೆಚ್ಚುಕಡಿಮೆ ಮಾಡುವ ಏರ್ಪಾಡಿತ್ತು.

10 ಕೆಜಿ ಡಂಬೆಲ್ ಹಿಡಿದು ತೋಳು ಮಡಿಸುತ್ತೀರಿ. ಕೈ ಕೆಳಗೆ ಇಳಿಬಿಟ್ಟಾಗ ಮೊಣಕೈಗೆ ಹೆಚ್ಚುಕಡಿಮೆ ಏನೂ ಭಾರವಿಲ್ಲ. ಮುಂದೋಳು ನೆಲಕ್ಕೆ ಸಮನಾಗಿ ಬಂದಾಗ ಅಡ್ಡ ದೂರ ಸುಮಾರು 30 ಸೆಂಮೀ, ಅಲ್ಲಿ ಅತಿ ಹೆಚ್ಚು ಕಷ್ಟ. ಮೇಲೆ ಹೋದಂತೆ ಮತ್ತೆ ಹಗುರ. ಅಂದರೆ ಇಡೀ ಸುತ್ತಿನಲ್ಲಿ ಸ್ನಾಯು ನಿಜವಾಗಿ ದುಡಿಯುವುದು ಮಧ್ಯದ ಒಂದು ಭಾಗದಲ್ಲಿ. ದುಂಡನೆಯ ಚಕ್ರದ ಮೇಲೆ ಕೇಬಲ್ ಸುತ್ತಿದರೆ ಆ ಅಡ್ಡ ದೂರ ಎಲ್ಲ ಕಡೆಯೂ ಒಂದೇ, ಹಾಗಾಗಿ ಕಷ್ಟವೂ ಒಂದೇ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಸ್ನಾಯುವಿನ ಶಕ್ತಿಯೇ ಎಲ್ಲ ಕೋನದಲ್ಲೂ ಒಂದೇ ಇರುವುದಿಲ್ಲವಲ್ಲ, ಹಾಗಿದ್ದರೆ ಚಕ್ರವನ್ನೇ ಸೊಟ್ಟ ಮಾಡಿದರೆ? ಶಕ್ತಿ ಹೆಚ್ಚಿರುವ ಕಡೆ ಚಕ್ರದ ಅಂಚು ಕೇಂದ್ರದಿಂದ ದೂರ, ಕಡಿಮೆ ಇರುವ ಕಡೆ ಹತ್ತಿರ. ಈ ಸೊಟ್ಟ ಚಕ್ರವೇ ಕ್ಯಾಮ್. ಇದನ್ನು ಜಿಮ್‌ಗಳಿಗೆ ತಂದು ದೊಡ್ಡ ವ್ಯಾಪಾರ ಮಾಡಿದವರು ಅಮೆರಿಕದ ಆರ್ಥರ್ ಜೋನ್ಸ್, 1970ರಿಂದ, ನಾಟಿಲಸ್ ಅನ್ನುವ ಹೆಸರಿನಲ್ಲಿ. ಆ ಕ್ಯಾಮ್ ನೋಡಲು ನಾಟಿಲಸ್ ಅನ್ನುವ ಕಡಲಜೀವಿಯ ಸುರುಳಿ ಚಿಪ್ಪಿನ ಹಾಗೇ ಇತ್ತು. ಇವತ್ತು ಕೂತು ಮೊಣಕಾಲು ಚಾಚುವ ಲೆಗ್ ಎಕ್ಸ್‌ಟೆನ್ಷನ್, ತೋಳು ಮಡಿಸುವ ಬೈಸೆಪ್ಸ್ ಕರ್ಲ್ ಮಷೀನ್‌ಗಳ ಪಕ್ಕಕ್ಕೆ ಬಗ್ಗಿ ನೋಡಿದರೆ ಮೊಟ್ಟೆಯಾಕಾರದ, ಅವರೆಕಾಳಿನಾಕಾರದ ಲೋಹದ ತಟ್ಟೆ ಕಾಣುತ್ತದೆ. ಅದೇ.

ಕ್ಯಾಮ್ ಎಷ್ಟೇ ಚೆನ್ನಾಗಿದ್ದರೂ ಒಂದು ಷರತ್ತಿದೆ. ಮಷೀನ್ ತಿರುಗುವ ಬಿಂದು ಮತ್ತು ನಿಮ್ಮ ಕೀಲು ತಿರುಗುವ ಬಿಂದು ಒಂದೇ ಗೆರೆಯಲ್ಲಿ ಇರಬೇಕು. ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ ಮೊಣಕಾಲು ಆ ಗೆರೆಗಿಂತ ಎರಡು ಇಂಚು ಮುಂದಿದ್ದರೆ ಎರಡು ಬೇರೆ ಬೇರೆ ವೃತ್ತಗಳು ಜಗಳಕ್ಕೆ ಬೀಳುತ್ತವೆ, ಕಣಕಾಲಿನ ಮೇಲಿರುವ ಪ್ಯಾಡ್ ಮೇಲೆ ಕೆಳಗೆ ಉಜ್ಜುತ್ತದೆ, ಮೊಣಕಾಲಿಗೆ ಬೇಡದ ಎಳೆತ ಬೀಳುತ್ತದೆ. ಬೆನ್ನಿನ ಹಿಂದಿನ ಪ್ಯಾಡನ್ನು ಹಿಂದೆ ಮುಂದೆ ಸರಿಸಲು ಒಂದು ಗುಬುಟು ಇರುವುದು ಇದಕ್ಕೇ. ಎಷ್ಟೋ ಮಷೀನ್‌ಗಳಲ್ಲಿ ತಿರುಗುವ ಬಿಂದುವಿಗೆ ಒಂದು ಬಣ್ಣದ ಗುರುತನ್ನೂ ಹಾಕಿರುತ್ತಾರೆ. ಆದರೆ ನಾವು ಮಾಡುವುದೇನು? ಮುಂಚೆ ಕೂತವರು ಬಿಟ್ಟುಹೋದ ಅಳತೆಯಲ್ಲೇ ಕೂತು, ಪಿನ್ ಮಾತ್ರ ಬದಲಿಸಿ ಶುರು ಮಾಡುತ್ತೇವೆ, ಆಮೇಲೆ ಮೊಣಕಾಲು ನೋವು ಅಂತ ಮಷೀನನ್ನೇ ಬೈಯುತ್ತೇವೆ.

ಮನೆಗೆ ತರುವ ಸ್ಪ್ರಿಂಗ್, ರಬ್ಬರ್ ಬ್ಯಾಂಡಿನ ಉಪಕರಣಗಳ ನಡತೆ ಬೇರೆ. ಎಳೆದಷ್ಟೂ ಬಿಗಿ. ಶುರುವಿನಲ್ಲಿ ಹಗುರ, ಕೊನೆಯಲ್ಲಿ ಅತಿ ಭಾರ. ಎದೆಯಿಂದ ಮುಂದಕ್ಕೆ ತಳ್ಳುವ ವ್ಯಾಯಾಮಕ್ಕೆ ಇದು ಹೊಂದುತ್ತದೆ, ಯಾಕೆಂದರೆ ಕೈ ಚಾಚಿದಂತೆ ನಮಗೂ ಬಲ ಹೆಚ್ಚು. ಹಿಂದಕ್ಕೆ ಎಳೆಯುವ ವ್ಯಾಯಾಮದಲ್ಲಿ ಕೊನೆಯ ಹಂತದಲ್ಲೇ ನಾವು ದುರ್ಬಲ, ಅಲ್ಲೇ ಬ್ಯಾಂಡ್ ಅತಿ ಬಿಗಿ. ಅರ್ಧಕ್ಕೇ ಕೈ ನಿಲ್ಲುವುದು ಸೋಮಾರಿತನದಿಂದಲ್ಲ.

ಲೆಗ್ ಪ್ರೆಸ್ ಬಗ್ಗೆ ಹೇಳಿದರೆ ಕೆಲವರಿಗೆ ಬೇಜಾರಾಗಬಹುದು. 45 ಡಿಗ್ರಿ ಇಳಿಜಾರಿನ ಹಳಿಯ ಮೇಲೆ ತಳ್ಳುವಾಗ ಭಾರದ ಸುಮಾರು 71 ಶೇಕಡಾ ಮಾತ್ರ ನಿಮ್ಮ ಕಾಲಿಗೆ ಬರುತ್ತದೆ, ಉಳಿದದ್ದನ್ನು ಹಳಿ ಹೊರುತ್ತದೆ. 200 ಕೆಜಿ ಪ್ಲೇಟ್, ಜೊತೆಗೆ ತಳ್ಳುವ ಬಂಡಿಯದೇ 40 ಕೆಜಿ ಅಂದುಕೊಂಡರೆ ಒಟ್ಟು 240, ಕಾಲಿಗೆ ಬಂದದ್ದು ಸುಮಾರು 170. ಮೇಲಾಗಿ ಕಾಲು ಪೂರ್ತಿ ಚಾಚಿದ ಸ್ಥಿತಿಯ ಹತ್ತಿರ ಮೊಣಕಾಲಿಗೆ ಬೀಳುವ ಟಾರ್ಕ್ ತೀರಾ ಕಡಿಮೆ. ಅದಕ್ಕೇ ಪ್ಲೇಟ್‌ಗಳನ್ನು ಜಾಗ ಮುಗಿಯುವವರೆಗೆ ಹೇರಿ, ನಾಲ್ಕು ಇಂಚು ಮಾತ್ರ ಇಳಿಸಿ, ವೀಡಿಯೋ ಮಾಡಿಸಿಕೊಳ್ಳುವುದು ಸಾಧ್ಯವಾಗುತ್ತದೆ. ಬಾರ್ ಎರಡು ಕಂಬಗಳ ನಡುವೆ ಮೇಲೆ ಕೆಳಗೆ ಮಾತ್ರ ಜಾರುವ ಸ್ಮಿತ್ ಮಷೀನ್‌ನಲ್ಲೂ ಇಂಥದ್ದೇ ಸಂಗತಿ. ಕೆಲವು ಮಾದರಿಗಳಲ್ಲಿ ಕಂಬದೊಳಗೆ ಎದುರು ತೂಕ ತೂಗುಹಾಕಿರುತ್ತಾರೆ, ಬಾರ್‌ನ ಭಾರ ಅರ್ಧಕ್ಕಿಂತಲೂ ಕಡಿಮೆ ಅನ್ನಿಸಬಹುದು. ಬಾರ್ 20 ಕೆಜಿ ಅಂತ ಸುಮ್ನೆ ಕೂಡಿಸಿಕೊಳ್ಳಬೇಡಿ.

ಬೆಂಗಳೂರು, ಮೈಸೂರಿನ ಪಾರ್ಕುಗಳಲ್ಲಿ ಹಾಕಿರುವ ಓಪನ್ ಜಿಮ್‌ನಲ್ಲಿ ಪ್ಲೇಟೂ ಇಲ್ಲ, ಪಿನ್ನೂ ಇಲ್ಲ, ಕೇಬಲ್ಲೂ ಇಲ್ಲ. ಬಿಸಿಲು ಮಳೆಯಲ್ಲಿ ನಿಲ್ಲಬೇಕು, ಕದಿಯುವಂಥದ್ದು ಏನೂ ಇರಬಾರದು, ಮಗು ಬೆರಳು ಹಾಕಿದರೂ ಸಿಕ್ಕಿಕೊಳ್ಳಬಾರದು. ಹಾಗಿದ್ದರೆ ಭಾರ ಎಲ್ಲಿಂದ? ನಿಮ್ಮಿಂದಲೇ. ಹಿಡಿ ಎಳೆದರೆ ಅಥವಾ ತಳ್ಳಿದರೆ ನೀವು ಕೂತ ಸೀಟೇ ಮೇಲೇಳುತ್ತದೆ, ಸೀಟೂ ಹಿಡಿಯೂ ಒಂದೇ ಸನ್ನೆಯ ಎರಡು ಕಡೆ. ದೇಹದ ತೂಕದ ಒಂದು ಪಾಲು ಕೈಗೆ ಬರುತ್ತದೆ, ಎಷ್ಟು ಪಾಲು ಅನ್ನುವುದನ್ನು ಸನ್ನೆಯ ಉದ್ದ ತೀರ್ಮಾನಿಸುತ್ತದೆ. ದಪ್ಪಗಿರುವವರಿಗೆ ತಾನಾಗಿಯೇ ಜಾಸ್ತಿ, ಸಣ್ಣಗಿರುವವರಿಗೆ ಕಡಿಮೆ. ಅಗ್ಗದಲ್ಲಿ ಇದಕ್ಕಿಂತ ಜಾಣ ಡಿಸೈನ್ ಕಷ್ಟ. ಆದರೆ ಮೂರು ತಿಂಗಳಲ್ಲಿ ಶಕ್ತಿ ಹೆಚ್ಚಾದರೆ ಭಾರ ಏರಿಸಲು ದಾರಿ ಇಲ್ಲ. ಕಾಲನ್ನು ಹಿಂದೆ ಮುಂದೆ ಬೀಸುವ ಆ ಏರ್ ವಾಕರ್ ಇದೆಯಲ್ಲ, ಅದು ಬರೀ ಲೋಲಕ. ಒಂದು ಕಡೆ ಕೊಟ್ಟ ಶಕ್ತಿಯನ್ನು ಇನ್ನೊಂದು ಕಡೆ ವಾಪಸ್ ಕೊಡುತ್ತದೆ. ಸೊಂಟ ಸಡಿಲ ಮಾಡಿಕೊಳ್ಳಲು, ಹರಟೆ ಹೊಡೆಯಲು ಚೆನ್ನ. ಬೆವರು ಬರಬೇಕು ಅಂದರೆ ಪಾರ್ಕನ್ನೇ ನಾಲ್ಕು ಸುತ್ತು ಹಾಕುವುದು ಒಳ್ಳೆಯದು.

ಇನ್ನು ಚಕ್ರ ತಿರುಗುವ ಮಷೀನ್‌ಗಳು. ಸ್ಪಿನ್ ಬೈಕ್ ಮಾರುವವರು ಮೊದಲು ಹೇಳುವುದೇ ಫ್ಲೈವೀಲ್‌ನ, ಅಂದರೆ ಪೆಡಲ್ ತುಳಿದಾಗ ತಿರುಗುವ ಭಾರದ ಚಕ್ರದ, ತೂಕ. ಪೆಡಲ್ ಮೇಲೆ ಕೆಳಗೆ ಹೋಗುವಾಗ ನಮ್ಮ ಕಾಲಿನ ಬಲ ಒಂದೇ ಸಮ ಇರುವುದಿಲ್ಲ, ತುಂಬಾ ಬಲ ಇದ್ದಾಗ ಉಳಿಸಿಕೊಂಡು, ಕಡಿಮೆ ಇದ್ದಾಗ ಕೊಡುವುದು ಫ್ಲೈವೀಲ್‌ನ ಕೆಲಸ. ಆದರೆ ಅದರಲ್ಲಿ ಉಳಿಯುವ ಶಕ್ತಿ ತೂಕದ ಜೊತೆ ನೇರವಾಗಿ, ವೇಗದ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಒಂದೇ ಅಗಲದ ಎರಡು ಚಕ್ರ ತಗೊಳ್ಳಿ. ಒಂದು 18 ಕೆಜಿ, ಪೆಡಲ್ ಒಂದು ಸುತ್ತಿಗೆ ಮೂರು ಸುತ್ತು ತಿರುಗುತ್ತದೆ. ಇನ್ನೊಂದು 6 ಕೆಜಿ, ಒಂಬತ್ತು ಸುತ್ತು ತಿರುಗುತ್ತದೆ. ಎರಡನೆಯದರಲ್ಲಿ ಶಕ್ತಿ ಮೂರು ಪಟ್ಟು. ಹಾಗಾಗಿ ಪೆಟ್ಟಿಗೆಯ ಮೇಲಿನ ಕೆಜಿ ಒಂದನ್ನೇ ನೋಡಿ ದುಡ್ಡು ಕೊಡಬೇಡಿ, ಕೂತು ತುಳಿದು ನೋಡಿ. ಬ್ರೇಕ್‌ನಲ್ಲಿ ಎರಡು ಬಗೆ. ಫೆಲ್ಟ್ ಪ್ಯಾಡ್ ಚಕ್ರಕ್ಕೆ ಒತ್ತುತ್ತದೆ, ಸವೆಯುತ್ತದೆ, ಕೆಲವೊಮ್ಮೆ ಸುಟ್ಟ ವಾಸನೆ. ಇನ್ನೊಂದರಲ್ಲಿ ಅಯಸ್ಕಾಂತಗಳು ಚಕ್ರದ ಅಂಚಿನ ಹತ್ತಿರ ಬರುತ್ತವೆ, ತಾಗುವುದಿಲ್ಲ. ತಿರುಗುವ ಲೋಹದೊಳಗೆ ಸುಳಿ ಸುಳಿಯಾಗಿ ವಿದ್ಯುತ್ ಹುಟ್ಟುತ್ತದೆ, ಅದು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. ಸವೆತ ಇಲ್ಲ, ಸದ್ದಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ.

ಕೂತಲ್ಲೇ ದೋಣಿ ನಡೆಸುವ ಹಾಗೆ ಎಳೆಯುವ ರೋಯಿಂಗ್ ಮಷೀನ್‌ನ ಲೆಕ್ಕ ಇನ್ನೂ ಮಜಾ. ಅಮೆರಿಕದ ವರ್ಮಾಂಟ್‌ನಲ್ಲಿ ದೋಣಿಯ ಹುಟ್ಟು ಮಾಡುತ್ತಿದ್ದ ಡ್ರೈಸಿಗ್ಯಾಕರ್ ಸಹೋದರರು 1981ರಲ್ಲಿ ಸೈಕಲ್ ಚಕ್ರ ಬಳಸಿ ಮಾಡಿದ ಕಾನ್ಸೆಪ್ಟ್2 ಮಷೀನ್‌ನ ವಂಶವೇ ಇಂದು ಸುಮಾರು ಎಲ್ಲ ಕಡೆ ಇದೆ. ಅಲ್ಲಿ ಎದುರಿಸುವುದು ಗಾಳಿಯನ್ನು. ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಆ ಮಷೀನ್‌ನ ಸೂತ್ರದಂತೆ 500 ಮೀಟರನ್ನು 2 ನಿಮಿಷದಲ್ಲಿ ಮುಗಿಸುವ ವೇಗಕ್ಕೆ ಸುಮಾರು 203 ವ್ಯಾಟ್ ಬೇಕು. ಬರೀ 10 ಸೆಕೆಂಡ್ ಕಡಿಮೆ ಮಾಡಬೇಕೆಂದರೆ 263 ವ್ಯಾಟ್. ಪಕ್ಕದಲ್ಲಿರುವ 1ರಿಂದ 10ರ ಸನ್ನೆಯನ್ನು 10ಕ್ಕೆ ಹಾಕಿದವರೇ ಗಟ್ಟಿಗರು ಅಂದುಕೊಳ್ಳುವುದು ತಪ್ಪು. ಅದು ಒಳಗೆ ಎಷ್ಟು ಗಾಳಿ ಬರಬೇಕು ಅನ್ನುವುದನ್ನು ಮಾತ್ರ ಹೇಳುತ್ತದೆ. ಮುಂದೆ ಬಾಗಿ ವಿರಾಮ ತಗೊಳ್ಳುವ ಆ ಕ್ಷಣದಲ್ಲಿ ಚಕ್ರ ಎಷ್ಟು ಬೇಗ ನಿಧಾನವಾಗುತ್ತಿದೆ ಅಂತ ಮಾನಿಟರ್ ಪ್ರತಿ ಎಳೆತಕ್ಕೂ ಅಳೆದುಕೊಂಡು, ಅದರಿಂದಲೇ ನಿಮ್ಮ ವ್ಯಾಟ್ ಲೆಕ್ಕ ಹಾಕುತ್ತದೆ. ಜಾಲರಿಗೆ ಧೂಳು ಕಟ್ಟಿದರೂ ಲೆಕ್ಕ ತಪ್ಪುವುದಿಲ್ಲ, ಅನುಭವ ಮಾತ್ರ ಬದಲಾಗುತ್ತದೆ.

ಕೊನೆಗೆ ಟ್ರೆಡ್‌ಮಿಲ್, ನಮ್ಮ ಮನೆಗಳಲ್ಲಿ ಬಟ್ಟೆ ಒಣಹಾಕಲು ಅತಿ ಹೆಚ್ಚು ಬಳಕೆಯಾಗುವ ಮಷೀನ್. ಮೋಟರ್‌ಗೆ ನಿಜವಾದ ಕೆಲಸ ಎಲ್ಲಿ ಗೊತ್ತಾ? ನಿಮ್ಮನ್ನು ಓಡಿಸುವುದರಲ್ಲಿ ಅಲ್ಲ. ನಿಮ್ಮ ತೂಕ ಬೆಲ್ಟನ್ನು ಕೆಳಗಿನ ಹಲಗೆಗೆ ಒತ್ತಿಹಿಡಿದಿರುವಾಗ ಆ ಬೆಲ್ಟನ್ನು ಎಳೆಯುವುದರಲ್ಲಿ. 80 ಕೆಜಿ ಮನುಷ್ಯ, ಬೆಲ್ಟಿನ ಘರ್ಷಣೆ ಗುಣಾಂಕ (ಒತ್ತುವ ಭಾರದ ಎಷ್ಟು ಪಾಲು ಘರ್ಷಣೆಯಾಗುತ್ತದೆ ಅನ್ನುವ ಸಂಖ್ಯೆ) 0.2 ಅಂತಿಟ್ಟುಕೊಂಡರೆ ಎಳೆಯಲು ಸುಮಾರು 157 ನ್ಯೂಟನ್ ಬಲ ಬೇಕು. ಗಂಟೆಗೆ 10 ಕಿಮೀ ವೇಗದಲ್ಲಿ ಅದು ಸುಮಾರು 436 ವ್ಯಾಟ್. ಓಡುವವರ ಎರಡೂ ಕಾಲು ಗಾಳಿಯಲ್ಲಿರುವ ಕ್ಷಣ ಇದೆಯಲ್ಲ ಅನ್ನಬಹುದು, ಆದರೆ ಇಳಿದಾಗ ಅಷ್ಟೇ ಜೋರಾಗಿ ಬೀಳುತ್ತೀರಿ, ಸರಾಸರಿ ಅಷ್ಟೇ. ಈಗ ಬೆಲ್ಟಿನ ಕೆಳಗಿನ ಸಿಲಿಕೋನ್ ಆಯಿಲ್ ಒಣಗಿ ಗುಣಾಂಕ 0.4 ಆಯಿತು ಅಂದುಕೊಳ್ಳಿ. 870 ವ್ಯಾಟ್ ದಾಟುತ್ತದೆ. ಮೋಟರ್ ಬಿಸಿ, ಕಂಟ್ರೋಲರ್ ಬೋರ್ಡ್ ಬಿಸಿ, ಒಂದು ದಿನ ಎರರ್ ತೋರಿಸಿ ನಿಲ್ಲುತ್ತದೆ. ಬೋರ್ಡ್ ಬದಲಿಸುವವರು ಬರುತ್ತಾರೆ, ಕೆಲವು ಸಾವಿರ ಹೋಗುತ್ತದೆ. ಕಾಲಕಾಲಕ್ಕೆ ಬೆಲ್ಟ್ ಎತ್ತಿ ಕೆಳಗೆ ಆಯಿಲ್ ಹಾಕಿದ್ದರೆ ಸಾಕಿತ್ತು. ಹಾಕಬೇಕಾದ್ದು ಸಿಲಿಕೋನ್ ಆಯಿಲ್, ಮನೆಯಲ್ಲಿರುವ ಯಾವುದೋ ಎಣ್ಣೆ ಅಲ್ಲ.

ಇನ್ನೊಂದು ವಿಚಿತ್ರ: ಮುಂಭಾಗ ಎತ್ತರಿಸಿ, ಅಂದರೆ ಏರಿನಲ್ಲಿ ನಡೆದರೆ ಮೋಟರ್‌ಗೆ ಕೆಲಸ ಕಡಿಮೆ. ನಿಮ್ಮ ತೂಕದ ಒಂದು ಪಾಲು ಬೆಲ್ಟನ್ನು ತಾನೇ ಹಿಂದಕ್ಕೆ ಜಾರಿಸುತ್ತದೆ. 80 ಕೆಜಿಗೆ 10 ಶೇಕಡಾ ಏರಿನಲ್ಲಿ ಅದು ಸುಮಾರು 78 ನ್ಯೂಟನ್, ಮೇಲಿನ ಲೆಕ್ಕದ ಅರ್ಧ. ನಿಮಗೆ ಏದುಸಿರು, ಮೋಟರ್‌ಗೆ ಆರಾಮ. ಮೋಟರ್‌ಗೆ ಅತಿ ಕಷ್ಟವಾಗುವುದು ದಪ್ಪಗಿರುವವರು ಸಮತಟ್ಟಿನಲ್ಲಿ ಬಹಳ ನಿಧಾನವಾಗಿ ನಡೆದಾಗ. ಎಳೆಯುವ ಬಲ ಅಷ್ಟೇ ಬೇಕು, ಆದರೆ ಮೋಟರ್‌ನ ದಂಡಕ್ಕೇ ಕೂಡಿಸಿದ ತಂಪಿನ ಫ್ಯಾನ್ ಮೆಲ್ಲಗೆ ತಿರುಗುತ್ತಿರುತ್ತದೆ. ಮನೆಯ ಹಿರಿಯರಿಗೆಂದು ತಗೊಳ್ಳುವವರು ಇದೇ ಕಾರಣಕ್ಕೆ ಗಟ್ಟಿ ಮೋಟರ್ ನೋಡಬೇಕು. ಮತ್ತು 4 ಎಚ್‌ಪಿ ಅನ್ನುವ ಸ್ಟಿಕರ್ ಕಂಡರೆ ಗುಣಾಕಾರ ಮಾಡಿ. ಒಂದು ಎಚ್‌ಪಿ 746 ವ್ಯಾಟ್, ನಾಲ್ಕಕ್ಕೆ ಸುಮಾರು 3,000. ನಮ್ಮ 6 ಆ್ಯಂಪ್‌ನ ಸಣ್ಣ ಸಾಕೆಟ್ 230 ವೋಲ್ಟ್‌ನಲ್ಲಿ ಕೊಡಬಹುದಾದದ್ದೇ 1,380. ಆ ಸಾಕೆಟ್‌ನಲ್ಲಿ ನಡೆಯುವ ಮಷೀನ್ ಸತತವಾಗಿ 4 ಎಚ್‌ಪಿ ಕೊಡುವುದು ಸಾಧ್ಯವೇ ಇಲ್ಲ, ಅದು ಕ್ಷಣಮಾತ್ರದ ಗರಿಷ್ಠ ಸಂಖ್ಯೆ. ಸತತ ಎಚ್‌ಪಿ ಎಷ್ಟು ಅಂತ ಕೇಳಿ. ಹಾಗೇ ಪುಸ್ತಕದಲ್ಲಿ ಐಎಸ್ಒ 20957 ಅಥವಾ ಇಎನ್ 957 ಅಂತ, ಅಂದರೆ ವ್ಯಾಯಾಮ ಉಪಕರಣಗಳ ಸುರಕ್ಷತಾ ಮಾನದಂಡದ ಸಂಖ್ಯೆ, ಇದ್ದರೆ ಪಕ್ಕದ ಅಕ್ಷರ ನೋಡಿ: ಎಚ್ ಅಂದರೆ ಮನೆ ಬಳಕೆಗೆ, ಎಸ್ ಅಂದರೆ ಜಿಮ್ ಬಳಕೆಗೆ. ಎಚ್ ಇರುವುದನ್ನು ಅಪಾರ್ಟ್‌ಮೆಂಟ್‌ನ ಸಾಮೂಹಿಕ ಜಿಮ್‌ಗೆ ಹಾಕಿ ವರ್ಷದೊಳಗೆ ಕೆಡಿಸಿಕೊಳ್ಳುವ ಸಂಘಗಳು ಬೇಕಾದಷ್ಟಿವೆ.

ಬೆಲ್ಟ್ ಒಂದು ಪಕ್ಕಕ್ಕೆ ಸರಿದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಹಿಂಭಾಗದ ಎರಡು ಬೋಲ್ಟ್ ನೋಡಿ. ಬೆಲ್ಟ್ ಸಡಿಲ ಇರುವ ಕಡೆಗೆ ಸರಿಯುತ್ತದೆ. ಬಲಕ್ಕೆ ಹೋಗುತ್ತಿದ್ದರೆ ಬಲ ಬೋಲ್ಟನ್ನು ಬಿಗಿ ಮಾಡಬೇಕು, ಯಾರೂ ಮೇಲೆ ನಿಂತಿರದೆ ನಿಧಾನಕ್ಕೆ ಓಡುತ್ತಿರುವಾಗ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಒಂದೆರಡು ನಿಮಿಷ ಕಾದು ನೋಡಿ, ಬೇಕಾದರೆ ಇನ್ನೊಂದು ಕಾಲು ಸುತ್ತು. ಹಾಗೆ ಮಾಡುವಾಗ ಲುಂಗಿ, ದುಪಟ್ಟಾ, ಮಕ್ಕಳು, ಮೂರನ್ನೂ ದೂರ ಇಡಿ.